ಬಿಸಿನೀರಿನ ಸ್ವಿಚ್ಚು

ದೊಡ್ಡಮ್ಮನ ವಿಷಯ ಬರೆಯುವುದಿದ್ದರೆ ಒಳ್ಳೆಯದನ್ನು ಮಾತ್ರ ಬರೆ ಎಂದು ಗಿರೀಶಣ್ಣ ಫೋನು ಮಾಡಿ ಹೇಳಿದ. ಗಿರೀಶಣ್ಣ ನನ್ನ ದೊಡ್ಡಪ್ಪನ ಮಗ. ನಾನು ಹಳೆಯ ಮನೆಯ ಬಗ್ಗೆ ಬರೆಯಲು ಕೂತಿದ್ದೇನೆ ಎಂಬ ಸುದ್ದಿ ಅವನಿಗೆ ಯಾರು ಮುಟ್ಟಿಸಿದರೋ ತಿಳಿಯದು. ಅವನ ಅಮ್ಮನಿಗೆ ಈಗಲೂ ಕನ್ನಡಕವಿಲ್ಲದೆ ಓದಲು ಬರುತ್ತದಂತೆ, ಓದಿ ನೊಂದುಕೊಂಡರೆ ಏನು ಗತಿ ಎಂಬುದು ಅವನ ಆತಂಕ. ಓದಲಿ ಎಂದೇ ಬರೆಯುತ್ತಿದ್ದೇನೆ. ಆದರೂ ಅವನ ಮಾತಿಗೆ ಮರ್ಯಾದೆ ಕೊಡಬೇಕಲ್ಲ, ಹಾಗಾಗಿ ಒಳ್ಳೆಯದು ಮೊದಲು. ದೊಡ್ಡಮ್ಮ ದೆಹಲಿಯ ಮಂಡಿಯಿಂದ ಅರ್ಬಿ ಎಂದು ಕರೆಯುವ ಕೆಸುವಿನ ಎಲೆ ತರಿಸಿ ಮಾಡುತ್ತಿದ್ದ ಪತ್ರೊಡೆಯಂಥದ್ದನ್ನು ನಾನು ಊರಿನಲ್ಲೂ ತಿಂದಿಲ್ಲ. ಅವರು ದೇವರನಾಮ ಹಾಡಿದರೆ ಎದುರುಮನೆಯ ಹೆಂಗಸರು ಬಾಲ್ಕನಿಗೆ ಬಂದು ನಿಲ್ಲುತ್ತಿದ್ದರು. ಒಳ್ಳೆಯದು ಇಲ್ಲಿಗೆ ಮುಗಿಯಿತು.

ಮನೆ ಮುನಿರ್ಕಾದಲ್ಲಿತ್ತು. ಎರಡು ಸ್ಕೂಟರು ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕಾದ ಗಲ್ಲಿ, ತಲೆಯೆತ್ತಿದರೆ ಆಕಾಶಕ್ಕಿಂತ ಹೆಚ್ಚು ಕರೆಂಟಿನ ವಯರು. ಕೆಳಗೆ ದೊಡ್ಡಪ್ಪನ ಹೋಟೆಲು, ಮೇಲಿನ ಮಹಡಿಯಲ್ಲಿ ನಾವೆಲ್ಲ. ಯೂನಿವರ್ಸಿಟಿಯ ಹುಡುಗ ಹುಡುಗಿಯರು ಬೆಳಿಗ್ಗೆ ಇಡ್ಲಿಗೆ, ಸಂಜೆ ದೋಸೆಗೆ ಬರುತ್ತಿದ್ದರು. ಕನ್ನಡ ಕಿವಿಗೆ ಬಿದ್ದರೆ ದೊಡ್ಡಪ್ಪ ಗಲ್ಲಾದಲ್ಲಿ ಕೂತೇ ಯಾವ ಊರು, ಯಾರ ಮಗ ಎಂದು ವಿಚಾರಿಸಿ ಒಂದು ಸೌಟು ಸಾಂಬಾರು ಹೆಚ್ಚು ಹಾಕಿಸುತ್ತಿದ್ದರು. ದೊಡ್ಡಪ್ಪ ಯಜಮಾನರು. ನನ್ನ ಅಪ್ಪ ಅವರ ತಮ್ಮ, ದೋಸೆ ಕಾವಲಿಯ ಮುಂದೆ ನಿಲ್ಲುವವನು. ಅಮ್ಮ ಮೇಲೆ ಕೂತು ಹೋಟೆಲಿಗೆ ಬೇಕಾದ ಕಾಯಿ ತುರಿದು, ಈರುಳ್ಳಿ ಹೆಚ್ಚಿ, ಮಸಾಲೆ ಹುರಿದು, ಅದರ ನಡುವೆ ಮನೆಯವರಿಗೆಲ್ಲ ಅಡುಗೆ ಮಾಡಿ, ದೇವರಿಗೆ ನೈವೇದ್ಯ ಇಡುತ್ತಿದ್ದಳು. ದೊಡ್ಡಮ್ಮನ ಕೆಲಸ ಇದೆಲ್ಲ ಆಗುತ್ತಿದೆಯೇ ಎಂದು ನೋಡುವುದು. ಬೀದಿಗೆ ಕಿಟಕಿಯಿದ್ದ ದೊಡ್ಡ ಕೋಣೆ ಅವರಿಬ್ಬರದು, ನಡುವಿನದು ಗಿರೀಶಣ್ಣನ ಓದಿಗೆ, ಅಡುಗೆಮನೆಗೆ ಅಂಟಿಕೊಂಡ ಹಿಂದಿನ ಕೋಣೆ ನಮಗೆ ಮತ್ತು ಹೋಟೆಲಿನ ಈರುಳ್ಳಿ ಚೀಲಗಳಿಗೆ. ನನ್ನ ಶಾಲೆಯ ಸ್ವೆಟರಿಗೆ ಸದಾ ಈರುಳ್ಳಿ ವಾಸನೆ ಇರುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಂಡು ನನ್ನನ್ನು ಪ್ಯಾಜ್ ಎಂದು ಕರೆಯುತ್ತಿದ್ದರು. ಅವರ ಹೆಸರುಗಳೂ ನನಗೆ ನೆನಪಿವೆ, ಆದರೆ ಅವರ ಸರದಿ ಇವತ್ತಲ್ಲ.

ಬಚ್ಚಲು ಒಂದೇ. ಆ ಬಚ್ಚಲಿಗೆ ಗೀಸರು ಬಂದದ್ದು ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ, ದೀಪಾವಳಿ ಕಳೆದ ಮೇಲಿನ ಚಳಿಗಾಲದಲ್ಲಿ. ಅಲ್ಲಿಯವರೆಗೆ ಬಕೆಟ್ಟಿಗೆ ಕರೆಂಟಿನ ರಾಡ್ ಇಳಿಬಿಟ್ಟು ಕಾಯಿಸುತ್ತಿದ್ದೆವು, ಅದನ್ನು ಮುಟ್ಟಿ ಗಿರೀಶಣ್ಣ ಒಮ್ಮೆ ಗೋಡೆಗೆ ಹೋಗಿ ಬಡಿದುಕೊಂಡ ಮೇಲೆ ದೊಡ್ಡಪ್ಪ ಗೀಸರು ತರಿಸಿದರು. ಬಿಳೀ ದುಂಡನೆಯ ಟಾಂಕಿ, ಕೆಳಗೆ ಎರಡು ನಲ್ಲಿ, ಹೊರಗೆ ಓಣಿಯಂಥ ಜಾಗದ ಗೋಡೆಯಲ್ಲಿ ಸ್ವಿಚ್ಚು, ಹಾಕಿದರೆ ಕೆಂಪು ದೀಪ. ಆ ದೀಪ ನೋಡಲೆಂದೇ ನಾನು ಅಲ್ಲಿ ಸುಳಿದಾಡುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಸುಖಪಟ್ಟವಳು ಅಮ್ಮ. ಒಲೆ ಹಚ್ಚುವ ಮೊದಲು ಮಿಂದು ಬರಬೇಕಾದವಳು ಅವಳೊಬ್ಬಳೇ, ಮನೆಯೆಲ್ಲ ಮಲಗಿರುವಾಗ. ನನಗೆ ಎಚ್ಚರವಾಗುತ್ತಿದ್ದದ್ದು ಬಚ್ಚಲಿನಿಂದ ಬರುತ್ತಿದ್ದ ಅವಳ ಗುನುಗಿಗೆ. ದೊಡ್ಡಮ್ಮನ ಎದುರು ಎಂದೂ ಬಾಯಿ ಬಿಡದವಳು ಅಲ್ಲಿ ಹಾಡುತ್ತಿದ್ದಳು. ಕೆಂಪು ಕೆಂಪಾದ ಮುಖದಲ್ಲಿ ಹೊರಗೆ ಬಂದು ನನ್ನ ರಜಾಯಿಯೊಳಗೆ ಕೈ ತೂರಿಸಿ ಕಾಲು ಹಿಡಿದುಕೊಳ್ಳುತ್ತಿದ್ದಳು.

"ನೋಡು, ಕೈ ಹೇಗೆ ಬೆಚ್ಚಗುಂಟು. ಏಳು ಮಗಾ."

ದೆಹಲಿಯ ಜನವರಿಯಲ್ಲಿ ಯಾರ ಕೈಯೂ ಬೆಚ್ಚಗಿರುವುದಿಲ್ಲ. ಅಮ್ಮನ ಕೈ ಇರುತ್ತಿತ್ತು. ಆ ಮನೆಯಲ್ಲಿ ಅವಳದೆಂದು ಹೇಳಿಕೊಳ್ಳುವ ಸುಖ ಅದೊಂದೇ ಆಗಿತ್ತು, ಅದನ್ನು ದೊಡ್ಡಮ್ಮ ಕಿತ್ತುಕೊಂಡರು. ಹೇಗೆ ಎಂದು ಹೇಳುತ್ತೇನೆ.

ನಮ್ಮ ಕಡೆ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯನ್ನು ಖಾಲಿ ಮಾಡಿ, ಹುಣಿಸೆಹುಳಿ ಹಾಕಿ ತಿಕ್ಕಿ, ಜೇಡಿಯಿಂದ ಗೆರೆ ಎಳೆದು, ಕುತ್ತಿಗೆಗೆ ಬಳ್ಳಿ ಸುತ್ತಿ, ಬಾವಿಯಿಂದ ಜಾಗಟೆ ಬಡಿದುಕೊಂಡು ಹೊಸ ನೀರು ತಂದು ತುಂಬಬೇಕು. ಮರುದಿನ ಬೆಳಗಾಗುವ ಮೊದಲು ಎಣ್ಣೆ ಹಚ್ಚಿಕೊಂಡು ಆ ನೀರಿನಲ್ಲಿ ಮೀಯಬೇಕು. ಮುನಿರ್ಕಾದಲ್ಲಿ ಹಂಡೆ ಎಲ್ಲಿಂದ ಬರಬೇಕು, ಬಾವಿ ಎಲ್ಲಿಂದ ಬರಬೇಕು. ರಾಡಿನ ಕಾಲದಲ್ಲಿ ಬಕೆಟ್ಟಿಗೇ ಕುಂಕುಮ ಇಟ್ಟು ಮುಗಿಸುತ್ತಿದ್ದೆವು. ಗೀಸರು ಬಂದ ಮೊದಲ ದೀಪಾವಳಿಗೆ ದೊಡ್ಡಮ್ಮನಿಗೆ ಇದೇ ನಮ್ಮ ಹಂಡೆ ಎಂದು ತೋಚಿತು. ತೋಚಿದ್ದು ತಪ್ಪೇನಲ್ಲ. ಆದರೆ ಅವರಿಗೆ ಹೂ ಮುಡಿಸಿದರೆ ಸಾಲದು, ಶಾಸ್ತ್ರ ಪೂರ್ತಿ ಆಗಬೇಕು. ಅಂದರೆ ಹಳೆಯ ನೀರು ಒಂದು ಹನಿಯೂ ಉಳಿಯಬಾರದು.

"ಸುಮತಿ, ಗೀಸರು ಖಾಲಿ ಮಾಡಿ ಇಡು. ಹೊಸ ನೀರು ತುಂಬುವಾ."

"ಅದನ್ನ ಖಾಲಿ ಮಾಡ್ಲಿಕ್ಕೆ ಆಗ್ತದಾ ಅಕ್ಕ? ಬಿಚ್ಚಬೇಕಲ್ವಾ?"

"ಬಿಚ್ಚು. ನಿನ್ನ ಗಂಡನ ಹತ್ರ ಸ್ಪ್ಯಾನರು ಕೇಳು."

ಹೋಟೆಲಿನಲ್ಲಿ ಗ್ಯಾಸ್ ಸಿಲಿಂಡರಿಗೆ ಬಳಸುವ ಸ್ಪ್ಯಾನರು ತಂದು, ಸ್ಟೂಲು ಹತ್ತಿ, ನೀರು ಬರುವ ನಲ್ಲಿಯನ್ನು ಮೊದಲು ಬಂದ್ ಮಾಡಿ, ಅಮ್ಮ ಗೀಸರಿನ ಅಡಿಯ ನಟ್ಟು ಸಡಿಲಿಸಿದಳು. ಕಂದು ನೀರು ಅವಳ ಸೀರೆಯ ಮೇಲೆಲ್ಲ ಸುರಿಯಿತು. ಸ್ವಿಚ್ಚು ಆರಿದೆಯೇ ಎಂದು ಎರಡೆರಡು ಸಲ ಬಂದು ನೋಡಿದಳು, ನನ್ನ ಹತ್ತಿರವೂ ನೋಡಿಸಿದಳು. ಆಮೇಲೆ ನಟ್ಟು ಬಿಗಿದು, ಟಾಂಕಿಯ ಹೊಟ್ಟೆಗೆ ಸುಣ್ಣದ ಗೆರೆ ಎಳೆದಳು. ಬಳ್ಳಿಯ ಬದಲಿಗೆ ಗೇಂದೆಯ, ಎಂದರೆ ಚೆಂಡುಹೂವಿನ, ಮಾಲೆ. ಆದರೆ ಗೋಡೆಯಲ್ಲಿ ಕೂತ ಗೀಸರಿಗೆ ಕೊಡದಿಂದ ನೀರು ಹೊಯ್ಯಲು ಬಾಯಿ ಎಲ್ಲಿದೆ? ಅದಕ್ಕೂ ದೊಡ್ಡಮ್ಮನ ಹತ್ತಿರ ಉಪಾಯವಿತ್ತು. ಕೊಡಕ್ಕೆ ಪೂಜೆ ಮಾಡಿ ಛತ್ತಿಗೆ, ಎಂದರೆ ತಾರಸಿಗೆ, ಒಯ್ದು ಮೇಲಿನ ದೊಡ್ಡ ಟಾಂಕಿಗೆ ಹೊಯ್ಯುವುದು, ಆಮೇಲೆ ಕೆಳಗೆ ಬಂದು ಗೀಸರಿನ ನಲ್ಲಿ ಬಿಡುವುದು. ಗಿರೀಶಣ್ಣ ಜಾಗಟೆ ಬಡಿಯುತ್ತಾ ಮುಂದೆ, ಅಮ್ಮ ಕೊಡ ಹೊತ್ತು ಅವನ ಹಿಂದೆ, ದೊಡ್ಡಮ್ಮ ಹಾಡುತ್ತಾ ಅವಳ ಹಿಂದೆ, ಮೆರವಣಿಗೆ ಹೊರಟಿತು. ಮನೆ ಮಾಲಿಕನ ಹೆಂಡತಿ ತನ್ನ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡು ಟಾಂಕಿಗೇನು ಮದುವೆಯೇ ಎಂದು ಕೇಳಿದ್ದು ನನಗೆ ಕೇಳಿಸಿತು.

"ಅರೇ, ಟಂಕಿ ಕೀ ಶಾದಿ ಹೈ ಕ್ಯಾ?"

ನನಗೆ ಕೆಮ್ಮು ಇತ್ತು, ಛತ್ತಿನ ಗಾಳಿಗೆ ಹೋಗಬಾರದೆಂದು ಓಣಿಯಲ್ಲಿ ನಿಲ್ಲಿಸಿದ್ದರು. ಮೇಲೆ ಜಾಗಟೆ ಇನ್ನೂ ಬಡಿಯುತ್ತಿತ್ತು. ದೊಡ್ಡಮ್ಮ ಆರತಿಗೆ ಬೆಂಕಿಪೆಟ್ಟಿಗೆ ಮರೆತರೆಂದು ಒಬ್ಬರೇ ಇಳಿದು ಬಂದರು. ಸಂಜೆಯ ಆ ಹೊತ್ತಿಗೆ ದೊಡ್ಡಪ್ಪ ಹೋಟೆಲಿನಿಂದ ಬಂದು ಮೀಯುವ ವಾಡಿಕೆ. ಅವರಿಗಾಗಿ ದಿನವೂ ಸ್ವಿಚ್ಚು ಹಾಕುವುದು ದೊಡ್ಡಮ್ಮನ ಕೆಲಸ. ಬೆಂಕಿಪೆಟ್ಟಿಗೆ ಹುಡುಕಿ ತೆಗೆದುಕೊಂಡು ವಾಪಸು ಹೋಗುವಾಗ, ಹಾಡು ನಿಲ್ಲಿಸದೆ, ಗೋಡೆಯತ್ತ ನೋಡದೆ, ಹಸಿರು ಬಳೆಯ ಕೈ ಚಾಚಿ ಅವರು ಸ್ವಿಚ್ಚು ಒತ್ತಿ ಹೋದರು. ಕೆಂಪು ದೀಪ ಹತ್ತಿಕೊಂಡಿತು. ಅದು ಹತ್ತಬಾರದೆಂದು ತಿಳಿಯುವಷ್ಟು ವಯಸ್ಸು ನನ್ನದಲ್ಲ. ನನಗೆ ಆ ದೀಪ ಇಷ್ಟ, ನೋಡುತ್ತಾ ನಿಂತೆ. ಅಷ್ಟರಲ್ಲೇ ಸುಟ್ಟ ವಾಸನೆ, ಬಚ್ಚಲಿನೊಳಗೆ ಟಪ್ಪೆಂದು ಸದ್ದು, ಮನೆಯ ದೀಪಗಳೆಲ್ಲ ಆರಿದವು. ಕೊಡ ಹಿಡಿದ ಅಮ್ಮ ಮೆಟ್ಟಿಲಿನಲ್ಲೇ ಕತ್ತಲೆಯಲ್ಲಿ ನಿಂತಳು.

ಮರುದಿನ ಹಬ್ಬ. ಗೀಸರಿನ ಬಿಸಿನೀರು ಯಾರಿಗೂ ಇರಲಿಲ್ಲ. ಹೋಟೆಲಿನಿಂದ ಒಂದು ದೊಡ್ಡ ಪಾತ್ರೆ ನೀರು ಕಾಯಿಸಿ ತಂದದ್ದು ದೊಡ್ಡಪ್ಪನಿಗೂ ಗಿರೀಶಣ್ಣನಿಗೂ ಸರಿಹೋಯಿತು. ಹಬ್ಬ ಕಳೆದು ಮೆಕ್ಯಾನಿಕ್ ಬಂದು ಗೀಸರು ಬಿಚ್ಚಿದ. ಒಳಗಿನ ಸುರುಳಿ ಕರಿಕಾಗಿ ಒಡೆದಿತ್ತು. ಅದನ್ನು ಇಕ್ಕಳದಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ.

"ಕಿಸೀ ನೇ ಬಿನಾ ಪಾನೀ ಕೇ ಚಲಾ ದಿಯಾ, ಭಾಭೀಜೀ. ಖಾಲೀ ಮೇಂ ಜಲ್ ಗಯಾ."

ನೀರಿಲ್ಲದೆ ಯಾರೋ ಹಾಕಿದ್ದಾರೆ. ಯಾರು ಎಂದು ದೊಡ್ಡಪ್ಪ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ, ಏಕೆಂದರೆ ದೊಡ್ಡಮ್ಮ ಆಗಲೇ ಕತ್ತು ತಿರುಗಿಸಿ ಅಮ್ಮನನ್ನು ನೋಡುತ್ತಿದ್ದರು. ನೋಡಿದ್ದು ಅಷ್ಟೇ. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು.

"ಹೋಗ್ಲಿ ಬಿಡಿ. ಅವಳು ಬೇಕಂತ ಮಾಡಿದ್ದಾ? ಹಳ್ಳಿಯವಳು, ಗೊತ್ತಾಗಲಿಲ್ಲ."

ಕ್ಷಮಿಸುವವರ ದನಿಯಲ್ಲಿ ಹೇಳಿದರು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗ. ದೊಡ್ಡಮ್ಮ, ನೀವೇ ಅಲ್ವಾ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಬಾಯಿಯನ್ನು ಕೈಯಿಂದ ಮುಚ್ಚಿ ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು. ಈರುಳ್ಳಿ ಚೀಲದ ಮೇಲೆ ಕೂರಿಸಿ ಹೇಳಿದಳು.

"ಒಂದು ಮಾತು ಆಡಬೇಡ. ಅಪ್ಪ ನಿಂತಿರುವುದು ಅವರ ಕಾವಲಿಯ ಮುಂದೆ. ನಾವು ಮಲಗುವುದು ಅವರ ಕೋಣೆಯಲ್ಲಿ."

"ಆದರೆ ದೊಡ್ಡಮ್ಮ—"

"ನೀನು ಏನೂ ನೋಡಲಿಲ್ಲ."

ಸರಿ, ನೋಡಲಿಲ್ಲ. ಸುರುಳಿ ಹೊಸದು ಬಂತು. ಅದರ ಜೊತೆಗೆ ದೊಡ್ಡಮ್ಮ ಇನ್ನೊಂದು ಕೆಲಸ ಮಾಡಿಸಿದರು. ಓಣಿಯ ಸ್ವಿಚ್ಚು ಕಿತ್ತು ತಮ್ಮ ಕೋಣೆಯೊಳಗೆ, ತಮ್ಮ ಮಂಚದ ತಲೆದಿಕ್ಕಿಗೆ ಹಾಕಿಸಿದರು. ಇನ್ನು ಮೇಲೆ ಯಾರೂ ಕೈ ಹಾಕುವ ಹಾಗಿಲ್ಲ, ಬೇಕಾದವರು ನನ್ನನ್ನು ಕೇಳಿ ಎಂದರು. ಅಮ್ಮ ಮೀಯುವ ಹೊತ್ತಿಗೆ ಆ ಕೋಣೆಯ ಬಾಗಿಲು ಒಳಗಿನಿಂದ ಅಗುಳಿ ಹಾಕಿರುತ್ತಿತ್ತು. ಒಂದು ದಿನ ಮಾತ್ರ ಅಮ್ಮ ಹಿಂದಿನ ಸಂಜೆಯೇ ಹೋಗಿ ಕೇಳಿದಳು. ಬೆಳಿಗ್ಗೆ ಸ್ವಲ್ಪ ಹೊತ್ತು ಹಾಕುತ್ತೀರಾ ಅಕ್ಕ ಎಂದು. ದೊಡ್ಡಮ್ಮ ತಲೆ ಬಾಚುತ್ತಿದ್ದರು.

"ನಿನ್ನೆಯಿಂದ ಟಾಂಕಿಯಲ್ಲಿ ಕೂತ ನೀರು ಮಡಿಗೆ ಆಗೂದಿಲ್ಲ ಸುಮತಿ. ದೇವರ ಅಡುಗೆ ಮಾಡುವವಳು ನೀನು. ತಣ್ಣೀರಲ್ಲೇ ಮಿಂದರೆ ಒಳ್ಳೇದು."

ಛತ್ತಿನ ಟಾಂಕಿಯಲ್ಲಿ ಕೂತಿರುವುದೂ ನಿನ್ನೆಯ ನೀರೇ. ಅದು ಮಡಿಗೆ ಆಗುತ್ತದಂತೆ. ತಾವು ಮಾತ್ರ ಶೀತದ ಮೈ ಎಂದು ಬಿಸಿಲೇರಿದ ಮೇಲೆ ಹೊಗೆಯಾಡುವ ನೀರಿನಲ್ಲಿ ಮಿಂದು ಬಂದು ದೇವರ ಮುಂದೆ ಕೂತು ಹಾಡುತ್ತಿದ್ದರು. ದೇವರೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ದೇವರ ಮೇಲೆ ನನಗೆ ಭಕ್ತಿ ಹೊರಟುಹೋದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಹೇಳುತ್ತೇನೆ.

ಆ ಚಳಿಗಾಲ ನನಗೆ ಕಿವಿಯಲ್ಲಿ ನೆನಪಿದೆ. ಕತ್ತಲಿರುವಾಗಲೇ ಬಚ್ಚಲಿನಲ್ಲಿ ಚೊಂಬಿನ ಸದ್ದು, ನಡುವೆ ಉಸಿರು ಎಳೆದುಕೊಳ್ಳುವ ಸದ್ದು. ಹಾಡಿಲ್ಲ. ಅಮ್ಮನ ಬೆರಳುಗಳು ಊದಿ ಕೆಂಪಾಗಿ ತುರಿಸುತ್ತಿದ್ದವು, ಗೆಣ್ಣಿನ ಮೇಲೆ ಒಡೆದು ಕಾಯಿ ತುರಿಯುವಾಗ ರಕ್ತ ಬರುತ್ತಿತ್ತು. ನನ್ನ ರಜಾಯಿಯೊಳಗೆ ಅವಳು ಕೈ ತೂರಿಸುವುದು ನಿಲ್ಲಿಸಿದಳು. ದೂರದಲ್ಲೇ ನಿಂತು ಏಳು ಎಂದು ಕರೆಯುತ್ತಿದ್ದಳು. ನಾನು ನಿದ್ದೆ ಬಂದವಳಂತೆ ಮಲಗಿ, ಹಲ್ಲು ಕಚ್ಚಿಕೊಂಡು, ದೊಡ್ಡಮ್ಮ ತಣ್ಣೀರಿನಲ್ಲಿ ಮೀಯುವುದನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಮಕ್ಕಳು ರಾಜಕುಮಾರರನ್ನು ಕಲ್ಪಿಸಿಕೊಳ್ಳುವ ವಯಸ್ಸು ಅದು. ನನ್ನ ಕಲ್ಪನೆಯಲ್ಲಿ ದೊಡ್ಡಮ್ಮ, ಚೊಂಬು, ಐಸಿನಂಥ ನೀರು, ಇಷ್ಟೇ ಇರುತ್ತಿದ್ದದ್ದು. ಅವರು ಅಮ್ಮನ ಹತ್ತಿರ ಬಿಸಿನೀರು ಕೇಳುವಂತಾಗಬೇಕು, ಅಮ್ಮ ಇಲ್ಲ ಎನ್ನಬೇಕು. ಅದು ಆಗುವವರೆಗೆ ನಾನು ಸಾಯಬಾರದು ಎಂದುಕೊಂಡಿದ್ದೆ.

ಅಪ್ಪ ಏನೂ ಮಾಡಲಿಲ್ಲ ಎನ್ನಲಾರೆ. ಅಣ್ಣನ ಎದುರು ತುಟಿ ಬಿಚ್ಚದವನು ತನ್ನದೇ ಒಂದು ದಾರಿ ಹುಡುಕಿದ. ನಸುಕಿನಲ್ಲಿ ಹೋಟೆಲಿನ ಒಲೆ ಹಚ್ಚಲು ಇಳಿದವನು, ಸಾಂಬಾರು ಬಡಿಸುವ ಮುಚ್ಚಳದ ಬಕೆಟ್ಟಿನಲ್ಲಿ ನೀರು ಕಾಯಿಸಿ, ಮೇಲಿನ ಮನೆಗೆ ಸಾಂಬಾರು ಒಯ್ಯುವವನ ಹಾಗೆ ಹಿಡಿದು ತಂದು ಬಚ್ಚಲಿನಲ್ಲಿಟ್ಟು ಹೋಗುತ್ತಿದ್ದ. ನಾಲ್ಕಾರು ದಿನ ಅಮ್ಮನ ಮುಖದಲ್ಲಿ ಬಣ್ಣ ಬಂತು. ಒಂದು ಬೆಳಿಗ್ಗೆ ದೇವರ ಕೋಣೆಯಲ್ಲಿ ಅಮ್ಮ ನೈವೇದ್ಯ ಇಡಲು ಬಗ್ಗಿದಾಗ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಮೂಗು ಅರಳಿಸಿದರು.

"ಇಂಗಿನ ವಾಸನೆ ಎಲ್ಲಿಂದ? ಪಾಯಸಕ್ಕೆ ಇಂಗು ಹಾಕಿದ್ದೀಯಾ?"

ವಾಸನೆ ಪಾಯಸದಿಂದಲ್ಲ, ಅಮ್ಮನ ಕೂದಲಿನಿಂದ. ಎಷ್ಟು ತೊಳೆದರೂ ಆ ಬಕೆಟ್ಟಿನಿಂದ ಸಾಂಬಾರು ಹೋಗುತ್ತಿರಲಿಲ್ಲ. ದೊಡ್ಡಮ್ಮ ಬಗ್ಗಿ ಅಮ್ಮನ ತಲೆಯನ್ನೇ ಮೂಸಿದರು. ಬೆಳೆದ ಹೆಂಗಸಿನ ತಲೆಯನ್ನು, ಮಗಳ ಎದುರಿಗೆ. ಮಧ್ಯಾಹ್ನ ದೊಡ್ಡಪ್ಪ ಅಪ್ಪನನ್ನು ಗಲ್ಲಾದ ಹತ್ತಿರ ಕರೆದು ಗಿರಾಕಿಗಳ ನಡುವೆಯೇ ಹೋಟೆಲಿನ ಪಾತ್ರೆ ಬಚ್ಚಲಿಗೆ ಹೋಗುತ್ತದಂತಲ್ಲ ಎಂದು ಕೇಳಿದರು. ಅಪ್ಪ ದೋಸೆ ಮಗುಚುತ್ತಾ ಇನ್ನಿಲ್ಲ ಎಂದ. ಆ ಮೇಲೆ ಇರಲಿಲ್ಲ. ಅಪ್ಪನ ಮೇಲೆ ನನಗಿದ್ದ ಸಿಟ್ಟು ಅವನು ತೀರಿಕೊಂಡಾಗ ಹೋಯಿತು, ದೊಡ್ಡಮ್ಮನ ಮೇಲಿನದನ್ನು ಹಾಗೆ ಹೋಗಲು ನಾನು ಬಿಡಲಿಲ್ಲ.

ನಾನು ಹತ್ತನೆಯ ಕ್ಲಾಸಿಗೆ ಬರುವ ಹೊತ್ತಿಗೆ ಅಪ್ಪನಿಗೆ ಒಂದು ಹಾಸ್ಟೆಲಿನ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿ, ನಾವು ಅದೇ ಮುನಿರ್ಕಾದ ಇನ್ನೊಂದು ಗಲ್ಲಿಗೆ ಹೋದೆವು. ಅಷ್ಟೂ ಚಳಿಗಾಲ ಅಮ್ಮ ತಣ್ಣೀರಿನಲ್ಲೇ ಮಿಂದಿದ್ದಳು. ಆ ಮನೆ ನನ್ನನ್ನು ಏನು ಮಾಡಿತು ಎಂದರೆ, ಯಾರ ಹತ್ತಿರವೂ ಏನನ್ನೂ ಕೇಳದವಳನ್ನಾಗಿ ಮಾಡಿತು. ಗಂಡನ ಹತ್ತಿರ ನೀರಿನ ಲೋಟವನ್ನೂ ಕೇಳುವುದಿಲ್ಲ, ಎದ್ದು ಹೋಗಿ ತೆಗೆದುಕೊಳ್ಳುತ್ತೇನೆ. ಅವರು ಇದನ್ನು ನನ್ನ ಗತ್ತು ಎಂದುಕೊಂಡಿದ್ದಾರೆ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ದ್ವಾರಕಾದ ಸೊಸೈಟಿಯಲ್ಲಿ ಫ್ಲಾಟು ಕೊಂಡಾಗ ಮೊದಲು ಅಮ್ಮನ ಕೋಣೆಯ ಪಕ್ಕದಲ್ಲಿ ಹಾಲಿಗೆ ತೆರೆಯುವ ಒಂದೇ ಬಚ್ಚಲಿಗೆ ಗೀಸರು ಹಾಕಿಸಿ, ಆಮೇಲೆ ಅಡುಗೆಮನೆಯ ವಿಚಾರಕ್ಕೆ ಹೋದೆ. ಅಮ್ಮ ಮಾತ್ರ ಹಳೆಯದರ ಮಾತೇ ಎತ್ತುತ್ತಿರಲಿಲ್ಲ. ನಾನು ಎತ್ತಿದರೂ ಬಿಡು ಮಗಾ, ಆಗಿ ಹೋದದ್ದು ಎನ್ನುತ್ತಿದ್ದಳು. ದ್ವೇಷ ನನಗೊಬ್ಬಳಿಗೇ ಉಳಿದದ್ದು ಎಂದು ನಾನು ನಂಬಿದ್ದೆ.

ಹೋದ ದೀಪಾವಳಿಗೆ ಗಿರೀಶಣ್ಣನ ಸಂಸಾರ ಗುಡಗಾಂವಿನ ಮನೆಗೆ ಬೀಗ ಹಾಕಿ ಅವನ ಹೆಂಡತಿಯ ತವರಿಗೆ ಹೊರಟಿತು. ದೊಡ್ಡಪ್ಪ ತೀರಿಕೊಂಡು ಬಹಳ ಕಾಲವಾಗಿದೆ. ಸೊಸೆಯ ತವರಿನಲ್ಲಿ ಎಣ್ಣೆಸ್ನಾನ ಇರುವುದಿಲ್ಲ, ಹಬ್ಬಕ್ಕೆ ನಿಮ್ಮಲ್ಲಿಗೇ ಬರುತ್ತೇನೆ ಎಂದು ದೊಡ್ಡಮ್ಮ ಫೋನು ಮಾಡಿದರು. ಬರಲೇ ಎಂದು ಕೇಳಲಿಲ್ಲ, ಬರುತ್ತೇನೆ ಎಂದರು. ಅದೇ ವಾರ ಅಮ್ಮನ ಗೀಸರು ಕೆಳಗಿನಿಂದ ತೊಟ್ಟಿಕ್ಕಲು ಶುರುವಾಯಿತು. ಮೆಕ್ಯಾನಿಕ್ ಬಂದು ಟಾರ್ಚು ಬಿಟ್ಟು ನೋಡಿ ತಲೆ ಆಡಿಸಿದ. ದ್ವಾರಕಾದ ಗಡಸು ನೀರಿಗೆ ಟಾಂಕಿಯ ಒಳಮೈ ತಿಂದುಹೋಗಿದೆ, ಬೆಸುಗೆ ಹಾಕಿದರೂ ಹಬ್ಬ ದಾಟುವುದಿಲ್ಲ, ಹೊಸದು ತಂದುಬಿಡಿ ಎಂದ. ನಾನು ಅಮ್ಮನನ್ನು ಕರೆದುಕೊಂಡು ಅಂಗಡಿಗೆ ಹೋದೆ. ನನ್ನ ಮನಸ್ಸಿನಲ್ಲಿದ್ದದ್ದು ಟಾಂಕಿ ಇಲ್ಲದ, ನಲ್ಲಿ ತಿರುಗಿಸಿದ ಕೂಡಲೇ ಕಾದು ಬರುವಂಥದ್ದು. ಯಾರೂ ಕಾಯಬೇಕಿಲ್ಲ, ಯಾರಿಗೂ ಕಡಿಮೆ ಬೀಳುವುದಿಲ್ಲ. ಬಿಸಿನೀರು ಎಂದೂ ಮುಗಿಯುವುದಿಲ್ಲ ಎಂದು ಅಂಗಡಿಯವನೂ ಅದನ್ನೇ ಹೊಗಳಿದ.

"ಯೇ ಲೀಜಿಯೇ ಮಾತಾಜೀ. ಗರಮ್ ಪಾನೀ ಕಭೀ ಖತಮ್ ನಹೀಂ ಹೋಗಾ."

ಅಮ್ಮ ಅದನ್ನು ಮುಟ್ಟಿಯೂ ನೋಡಲಿಲ್ಲ. ಪಕ್ಕದಲ್ಲಿದ್ದ ಟಾಂಕಿಯ ಗೀಸರಿನ ಮೇಲೆ ಕೈಯಿಟ್ಟು, ತನ್ನ ಮುರುಕು ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು.

"ಮುಝೇ ಖತಮ್ ಹೋನೇ ವಾಲಾ ಚಾಹಿಯೇ."

ನನಗೆ ಮುಗಿದುಹೋಗುವಂಥದ್ದು ಬೇಕು. ಅಂಗಡಿಯವನು ಮುದುಕಿಗೆ ಅರ್ಥವಾಗಲಿಲ್ಲ ಎಂದುಕೊಂಡು ಮತ್ತೊಮ್ಮೆ ವಿವರಿಸತೊಡಗಿದ. ನನಗೆ ಅರ್ಥವಾಗಿತ್ತು. ಅಮ್ಮನ ಮುಖ ನೋಡಿದೆ. ಅಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಇರುವಂಥ ಗಮನ ಇತ್ತು. ಅಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದವಳನ್ನು ನಾನು ಅವತ್ತು ಹೊಸದಾಗಿ ನೋಡಿದೆ.

"ಒಬ್ಬರು ಚೆನ್ನಾಗಿ ಮಿಂದರೆ ಖಾಲಿ ಆಗುವಷ್ಟು ಸಣ್ಣದು ಕೊಡಲಿಕ್ಕೆ ಹೇಳು," ಎಂದಳು.

"ಸ್ವಿಚ್ಚು?"

"ಈಗ ಬಚ್ಚಲಿನ ಬಾಗಿಲಲ್ಲಿ ಉಂಟಲ್ಲ, ಅದು ಬೇಡ. ನನ್ನ ಮಂಚದ ಹತ್ರ ಹಾಕ್ಸು."

ದೊಡ್ಡಮ್ಮ ಹಬ್ಬದ ಹಿಂದಿನ ಮಧ್ಯಾಹ್ನ ಟ್ಯಾಕ್ಸಿ ಇಳಿದರು. ಬೆನ್ನು ಬಗ್ಗಿದೆ, ದನಿ ಬಗ್ಗಿಲ್ಲ. ಹೊಸ ಗೀಸರು ನೋಡಿ ಇದೆಂಥ ಗೊಂಬೆಯಾಟದ್ದು ತಂದಿದ್ದೀರಿ ಎಂದರು. ಸಂಜೆ ತಾವೇ ನಿಂತು ಅದಕ್ಕೆ ಹೂ ಹಾಕಿಸಿದರು. ಸ್ವಿಚ್ಚು ಎಲ್ಲುಂಟು ಎಂದು ಕೇಳಿದರು, ನನ್ನ ತಲೆದಿಕ್ಕಿಗೆ ಉಂಟು ಅಕ್ಕ ಎಂದು ಅಮ್ಮ ಹೇಳಿದಳು. ಮಕ್ಕಳ ಕೈಗೆ ಸಿಗುವುದಿಲ್ಲ, ಒಳ್ಳೇದಾಯ್ತು ಎಂದು ದೊಡ್ಡಮ್ಮ ಮುಂದೆ ಹೋದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವರಿಗೆ ನೆನಪೇ ಇರಲಿಲ್ಲ. ಸುಳ್ಳು ಹೇಳಿ ಮುಚ್ಚಿಟ್ಟಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಹಾಲಿನಲ್ಲಿ ಮಣೆ ಹಾಕಿ ಎಣ್ಣೆಶಾಸ್ತ್ರ ಆಯಿತು. ಮನೆಯ ಹಿರಿಯ ಹೆಂಗಸು ಎಲ್ಲರ ತಲೆಗೂ ಎಣ್ಣೆ ಒತ್ತಬೇಕು, ಆಮೇಲೆ ಹಿರಿತನದ ಪ್ರಕಾರ ಒಬ್ಬೊಬ್ಬರಾಗಿ ಮೀಯಬೇಕು. ನನ್ನ ಗಂಡ ಊರಿಗೆ ಹೋಗಿದ್ದರು, ಇದ್ದದ್ದು ನಾವು ನಾಲ್ಕು ಹೆಂಗಸರು. ಅಮ್ಮ ತನ್ನ ಸ್ವಿಚ್ಚು ಹಾಕಿ ಬಂದಿದ್ದಳು. ದೊಡ್ಡಮ್ಮ ಮೊದಲು ತಾವು ತಲೆಗೂ ಕೈಕಾಲಿಗೂ ಬಳಿದುಕೊಂಡು, ನನ್ನ ಮಗಳು ಈಶಾಗೆ ಹಚ್ಚಿ, ನನಗೆ ಹಚ್ಚಿ, ಕೊನೆಗೆ ಅಮ್ಮನನ್ನು ಮುಂದೆ ಕೂರಿಸಿಕೊಂಡರು. ಎಣ್ಣೆ ತಟ್ಟುತ್ತಾ ಈಶಾಳನ್ನು ನೋಡಿ ನಗುತ್ತಾ ಹೇಳಿದರು.

"ನಿನ್ನ ಅಜ್ಜಿ ಒಂದು ಸಲ ಇದೇ ಹಬ್ಬಕ್ಕೆ ಗೀಸರನ್ನೇ ಸುಟ್ಟು ಹಾಕಿದ್ದಳು, ಗೊತ್ತುಂಟಾ?"

"ಸಚ್ ಮೇಂ? ಅಜ್ಜಿ, ನೀನು?"

ನಾನು ಬಾಯಿ ತೆರೆದೆ. ಎಂಟು ವರ್ಷದವಳಾಗಿದ್ದಾಗ ನನ್ನ ಬಾಯಲ್ಲಿ ಸಿಕ್ಕಿಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನಗಿಂತ ಮೊದಲು ಅಮ್ಮ ಹೇಳಿದಳು, ದೊಡ್ಡಮ್ಮನ ಎರಡೂ ಕೈ ಅವಳ ಕೂದಲಿನೊಳಗೆ ಇರುವಾಗಲೇ, ತಲೆ ಅಲುಗಿಸದೆ.

"ನಾನಲ್ಲ ಪುಟ್ಟಾ. ಇವರು."

ದೊಡ್ಡಮ್ಮನ ಕೈ ನಿಂತಿತು.

"ಎಂತ ಮಾತಾಡ್ತಿ ಸುಮತಿ?"

"ಬೆಂಕಿಪೆಟ್ಟಿಗೆಗೆ ಇಳಿದಿರಿ. ಕೊಡ ನನ್ನ ಸೊಂಟದಲ್ಲಿತ್ತು, ನಾನೂ ನಿಮ್ಮ ಹಿಂದೆ ಮೆಟ್ಟಿಲಿನಲ್ಲಿ ಅರ್ಧ ಇಳಿದಿದ್ದೆ. ಕೈ ಚಾಚಿದ್ದು ಕಾಣ್ತು. ಕೂಗಿದೆ. ಜಾಗಟೆಯಲ್ಲಿ ಕೇಳಲಿಲ್ಲ. ನಾನು ಇಳಿದು ಬರುವಷ್ಟರಲ್ಲಿ ಸುಟ್ಟಾಗಿತ್ತು."

ಅಮ್ಮನೂ ನೋಡಿದ್ದಳು ಎಂದು ನನಗೆ ತಿಳಿದದ್ದು ಆಗ. ಅವಳು ಮಣೆಯಿಂದ ಎದ್ದಳು. ಹಿರಿತನದ ಪ್ರಕಾರ ಮೊದಲ ಸ್ನಾನ ದೊಡ್ಡಮ್ಮನದು, ಅವರ ಟವೆಲು ಬಚ್ಚಲಿನ ಬಾಗಿಲ ಮೇಲೆ ಆಗಲೇ ಇತ್ತು. ಅಮ್ಮ ಆ ಟವೆಲನ್ನು ತೆಗೆದು, ಮಡಚಿ, ಕುರ್ಚಿಯ ಮೇಲಿಟ್ಟು, ತನ್ನದನ್ನು ಹಿಡಿದು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಬಕೆಟ್ಟಿಗೆ ನೀರು ಬೀಳುವ ಸದ್ದು ಬಂತು. ಚೊಂಬಿನ ಸದ್ದು, ಮತ್ತೆ ನೀರು, ಮತ್ತೆ ಚೊಂಬು. ಅವಳಿಗೆ ಅವಸರವೇ ಇರಲಿಲ್ಲ. ಬಾಗಿಲಿನ ಸಂದಿಯಿಂದ ಸೀಗೆಯ ವಾಸನೆ, ಹಬೆ. ದೊಡ್ಡಮ್ಮ ಎಣ್ಣೆ ಇಳಿಯುವ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು. ಆಮೇಲೆ ನನ್ನತ್ತ ತಿರುಗಿದರು.

"ನೀನಾದ್ರೂ ಹೇಳು. ನಾನೆಂತ ಬೇಕಂತ ಹಾಕಿದ್ದಾ?"

"ಸ್ವಿಚ್ಚು ಬೇಕಂತ ಹಾಕಲಿಲ್ಲ ದೊಡ್ಡಮ್ಮ," ಎಂದೆ. "ಆಮೇಲೆ ಅಮ್ಮನ್ನ ತಣ್ಣೀರಲ್ಲಿ ಮೀಯಿಸಿದ್ದು?"

ಅವರು ಎಣ್ಣೆಯ ಕೈಯಲ್ಲೇ ಸೆರಗು ಹೊದ್ದುಕೊಂಡರು. ಈಶಾ ನಮ್ಮಿಬ್ಬರ ಮುಖವನ್ನೂ ನೋಡಿ, ಚಳಿಯಾಗುತ್ತಿರುವ ಮುದುಕಿಯ ಮೇಲೆ ಕನಿಕರ ಹುಟ್ಟಿ, ಗ್ಯಾಸಿನ ಮೇಲೆ ನೀರು ಕಾಯಿಸಲೇ ಎಂದು ಎದ್ದಳು.

"ಮಮ್ಮಾ, ಮೈಂ ಗ್ಯಾಸ್ ಪೇ ಪಾನೀ ಗರಮ್ ಕರ್ ದೂಂ? ದೊಡ್ಡಜ್ಜಿ ಕೋ ಠಂಡ್ ಲಗ್ ರಹೀ ಹೈ."

"ಬೇಡ. ಕೂತ್ಕೋ."

ಕೂತಳು. ಮೂವರೂ ಎಣ್ಣೆಯ ಮೈಯಲ್ಲಿ ಕಾಯುತ್ತಾ ಕೂತೆವು. ಕೊನೆಗೆ ಅಮ್ಮ ಹೊರಗೆ ಬಂದಳು. ಮುಖ ಕೆಂಪಾಗಿತ್ತು. ಹೋಗಿ ಅಕ್ಕ, ಬಚ್ಚಲು ಖಾಲಿ ಉಂಟು ಎಂದು ಹೇಳಿ, ತನ್ನ ಕೋಣೆಗೆ ಹೋಗಿ ಸ್ವಿಚ್ಚು ಆರಿಸಿದಳು. ದೊಡ್ಡಮ್ಮ ಅಮ್ಮನ ಕೋಣೆಯ ಬಾಗಿಲವರೆಗೆ ಹೋಗಿ ನಿಂತರು. ಕೇಳುತ್ತಾರೆ ಎಂದುಕೊಂಡೆ. ಕೇಳಬೇಕೆಂದು ಬಾಯಿ ಅಲುಗಿತು ಕೂಡ. ಅಮ್ಮ ಮಂಚದ ಮೇಲೆ ಕೂತು ಕೂದಲು ಒರೆಸುತ್ತಾ ಅವರನ್ನೇ ನೋಡುತ್ತಿದ್ದಳು, ಕಾಯುತ್ತಿದ್ದಳು. ದೊಡ್ಡಮ್ಮ ಕೇಳಲಿಲ್ಲ. ಕುರ್ಚಿಯ ಮೇಲಿನ ಟವೆಲು ಎತ್ತಿಕೊಂಡು ಬಚ್ಚಲಿಗೆ ಹೋದರು. ಒಳಗಿನಿಂದ ಮೊದಲ ಚೊಂಬಿನ ಸದ್ದು ಬಂತು, ಅದರ ಹಿಂದೆಯೇ ಉಸಿರು ಎಳೆದುಕೊಳ್ಳುವ ಸದ್ದು. ನನ್ನ ಹೊಟ್ಟೆ ತಣ್ಣಗಾಯಿತು. ಗಿರೀಶಣ್ಣ ಇದನ್ನು ಓದಿ ಸಿಟ್ಟಾಗಬಾರದು, ದೀಪಾವಳಿಯ ಚಳಿ ಜನವರಿಯ ಚಳಿಯಲ್ಲ. ನನಗೆ ಬೇಜಾರಿರುವುದು ಅದೊಂದಕ್ಕೇ.